ಪಂಡಿತಾ ರಮಾಬಾಯಿಯವರೂ ದೇವರ ಕೃಪೆಯೂ



ಖಾನಾಪುರದ ಕಡೆಯ ನಮ್ಮ ಸಭೆಗಳವರು ಮಲಪ್ರಭೆಯು ಹುಟ್ಟುವ ಕಣಕುಂಬಿಯ ಕಾಡನ್ನು ಬಲ್ಲರು. ಅದೇ ಸಹ್ಯಾದ್ರಿಯ ಸಾಲಿನಲ್ಲಿ ದಕ್ಷಿಣಕ್ಕೆ ಬಹುದೂರ ಹೋದರೆ ತುಂಗೆಯೂ ಭದ್ರೆಯೂ ಹುಟ್ಟುವ ಗಂಗಾಮೂಲವೆಂಬ ಅರಣ್ಯವುಂಟು. 1858ನೆಯ ಇಸವಿ ಏಪ್ರಿಲ್ 23ರಂದು ಪಂಡಿತಾ ರಮಾಬಾಯಿಯವರು ಅಲ್ಲಿ ಹುಟ್ಟಿದರು. ಅವರ ತಂದೆಯಾದ ಅನಂತ ಶಾಸ್ತ್ರಿ ಡೋಂಗ್ರೆಯವರು ಕಾರ್ಕಳ ಸೀಮೆಯ ಮಾಳ ಗ್ರಾಮದವರು. ಹೆಂಡತಿಗೆ ಸಂಸ್ಕೃತವನ್ನು ಕಲಿಸಿದ್ದರಿಂದ ಸ್ವಜಾತಿಯವರ ವಿರೋಧಕ್ಕೆ ಗುರಿಯಾಗಿ ಆ ಕಾಡಿನಲ್ಲಿ ಮನೆಮಾಡಿದ್ದರು.

ಶಿಶುವಿಗೆ ಆರು ತಿಂಗಳಾದಾಗ ಕುಟುಂಬವೆಲ್ಲವೂ ತೀರ್ಥಯಾತ್ರೆಗೆ ಹೊರಟಿತು. ಕೂಸನ್ನು ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ ಆಳಿನ ತಲೆಯ ಮೇಲೆ ಹೊರಿಸಿ ಘಟ್ಟವನ್ನಿಳಿದರು. ಅಲ್ಲಿಂದ ಮುಂದೆ ಪುರಾಣವನ್ನೋದುತ್ತ ಊರೂರು ತಿರುಗಿದರು. ದೊರೆತದ್ದನ್ನು ದಾನಕ್ಕೂ ವ್ರತಕ್ಕೂ ವೆಚ್ಚಮಾಡಿದರು. ಪುಣ್ಯವು ತುಂಬಿದರೆ ದೇವರು ಒಲಿಯುವನೆಂಬದೇ ಅವರ ನಿರೀಕ್ಷೆ. 1874ರಿಂದ ಮದ್ರಾಸ್ ಸೀಮೆಯ ಬರಗಾಲದಲ್ಲಿ ತಂದೆಯೂ ತಾಯಿಯೂ ಅಕ್ಕನೂ ಒಬ್ಬರ ಹಿಂದೊಬ್ಬರು ತೀರಿಹೋದರು.

ಪರರ ಮತವನ್ನು ಹಳಿಯುವದಕ್ಕೋಸ್ಕರ ಇದನ್ನು ಬರೆಯಲಿಲ್ಲ. ದೀಕ್ಷಾಸ್ನಾನ ಹೊಂದಿದ ನಮ್ಮಲ್ಲಿಯೂ ಹರಕೆಯ ಲೆಕ್ಕವು ಸತ್ತಿಲ್ಲ. ನಮ್ಮ ಒಂದು ಹಳ್ಳಿಯಲ್ಲಿ ಜ್ವರದಿಂದ ಕೂಸನ್ನು ಕಳಕೊಂಡ ತಾಯಿಗೆ ನೆರೆಯ ವಿಶ್ವಾಸಿಗಳೇ, ನಿನ್ನ ನಂಬಿಕೆಯು ಸಾಲದೆ ಹೋಯಿತೆಂದು ಹೇಳಿದರು. ಅಂದಿನಿಂದ ಆಕೆಯು ಆರಾಧನೆಗೆ ಬರುವದನ್ನು ಬಿಟ್ಟಳು. ಆಕೆಯ ನಿಮಿತ್ತವಾಗಿಯೇ ನಾನು ಈ ಚರಿತ್ರೆಯನ್ನು ತಿರಿಗಿ ಓದಿದೆನು.

ರಮಾಬಾಯಿಯವರು ಅಣ್ಣನೊಂದಿಗೆ ಬಹುದೂರ ನಡೆದು 1878ರಲ್ಲಿ ಕಲಕತ್ತೆಯನ್ನು ಸೇರಿ, ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನು ಪಡೆದರು. ಅಣ್ಣನು ಸತ್ತ ಮೇಲೆ ಬಿಪಿನ್ ಬಿಹಾರಿ ಎಂಬ ಬಂಗಾಲದ ವಕೀಲರನ್ನು ಮದುವೆಯಾದರು, 1882ರಲ್ಲಿ ವಿಧವೆಯಾದರು. ಗಂಡನ ಪುಸ್ತಕಗಳಲ್ಲಿ ಸಿಕ್ಕಿದ ಲೂಕನ ಸುವಾರ್ತೆಯೇ ಮೊದಲನೆಯ ಬೀಜ. ಮರುವರುಷ ಇಂಗ್ಲೆಂಡಿಗೆ ಹೋದಾಗ, ಕೆಟ್ಟ ನಡತೆಗೆ ಬಿದ್ದ ಸ್ತ್ರೀಯರನ್ನು ಕ್ರೈಸ್ತ ಸಹೋದರಿಯರು ಪ್ರೀತಿಯಿಂದ ಎತ್ತಿಕೊಳ್ಳುವದನ್ನು ನೋಡಿ ಆಶ್ಚರ್ಯಪಟ್ಟರು. ಸಮಾರ್ಯದ ಸ್ತ್ರೀಯ ಚರಿತ್ರೆಯು ಅವರ ಮನಸ್ಸನ್ನು ಮುಟ್ಟಿತು. 1883ನೆಯ ಸೆಪ್ಟೆಂಬರ್ 29ರಂದು ಮಗಳಾದ ಮನೋರಮೆಯೊಂದಿಗೆ ವಾಂಟೇಜಿನಲ್ಲಿ ದೀಕ್ಷಾಸ್ನಾನವಾಯಿತು.

ಇಲ್ಲಿಗೆ ಕಥೆಯು ಮುಗಿಯಿತೆಂದು ನಾವೆಣಿಸುವದುಂಟು. ಹಾಗಲ್ಲ. ಹಿಂದಿರುಗಿ 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದು, ತರುವಾಯ ಅದನ್ನು ಪುಣೆಗೆ ತಂದರು. ಒಳ್ಳೇ ಕೆಲಸವಿತ್ತು, ಸಭೆಯಿತ್ತು, ಬೋಧನೆಯಿತ್ತು, ಸಮಾಧಾನವಿರಲಿಲ್ಲ. ಸ್ನಾನವಾಗಿ ಎಂಟು ವರುಷಗಳಾದ ಮೇಲೆ, ಹ್ಯಾಸ್ಲಮ್ ಎಂಬ ಇಂಗ್ಲಿಷ್ ಪಾದ್ರಿಯು ತಾನೇ ಪ್ರಸಂಗಮಾಡುತ್ತಿರುವಾಗ ಮನಸ್ಸು ತಿರುಗಿದ ಸಂಗತಿಯನ್ನು ಓದಿ ತಮ್ಮನ್ನು ತಾವೇ ಶೋಧಿಸಿಕೊಂಡರು. ತಮಗೆ ಕ್ರೈಸ್ತಮತವು ದೊರೆತಿತ್ತು, ಕ್ರಿಸ್ತನೇ ದೊರೆತಿರಲಿಲ್ಲವೆಂದು ಆಗ ತಿಳಿಯಿತು. ತಂದೆಯು ವ್ರತದಿಂದ ಕೊಳ್ಳುವದಕ್ಕೆ ನೋಡಿದ್ದನ್ನು ಮಗಳು ಪಶ್ಚಾತ್ತಾಪದಿಂದಲೂ ಒಳ್ಳೇ ನಿರ್ಣಯಗಳಿಂದಲೂ ಕೊಳ್ಳಲು ಪ್ರಯತ್ನಿಸಿದ್ದರೆಂದು ನನಗೆ ತೋರುತ್ತದೆ. ಕೊಡತಕ್ಕದ್ದೇನೂ ಉಳಿದಿರಲಿಲ್ಲ, ಪಾಪಿಯಾಗಿ ಬಂದು ತಕ್ಕೊಳ್ಳುವದೊಂದೇ ಉಳಿದಿತ್ತು.

ಆ ಬೆತ್ತದ ಪೆಟ್ಟಿಗೆಯು ನನ್ನ ಮನಸ್ಸಿಗೆ ಬಾರದೆ ಇರಲಿಲ್ಲ. ಕೂಸು ನಿದ್ರಿಸಿರಲಿ, ಹೆದರಿ ಅತ್ತಿರಲಿ, ಘಟ್ಟವಿಳಿದದ್ದು ಹೊತ್ತವನ ಕಾಲಬಲದಿಂದಲೇ. ಬಲವಾದ ನಂಬಿಕೆಯವನನ್ನು ದೇವರು ಹೆಚ್ಚಾಗಿಯೂ ಬಲಹೀನನನ್ನು ಕಡಿಮೆಯಾಗಿಯೂ ಹೊರುತ್ತಾನೆಂದು ನಾವು ಯಾವ ಅಧ್ಯಾಯದಲ್ಲಿ ಓದಿದೆವು?

ಅನಂತರದ ಕೆಲಸವೋ ಬಹಳ. 1896ರ ಬರಗಾಲದಲ್ಲಿ ಮಧ್ಯಪ್ರಾಂತದಿಂದಲೂ 1900ರಲ್ಲಿ ಗುಜರಾಥಿನಿಂದಲೂ ಹಸಿದ ಹೆಣ್ಣುಮಕ್ಕಳನ್ನು ಕರತಂದು ಕೇಡಗಾಂವಿಯ ಮುಕ್ತಿ ಸದನದಲ್ಲಿಟ್ಟರು. ಸಂಖ್ಯೆಯು ಎರಡು ಸಾವಿರದ ಸಮೀಪಕ್ಕೆ ಬಂತು. ಓದುಬರಹ ಸ್ವಲ್ಪವೇ ಬಲ್ಲ ಹೆಂಗಸರಿಗೂ ತಿಳಿಯಲೆಂದು ಇಬ್ರಿಯ, ಗ್ರೀಕ್ ಮೂಲಗಳಿಂದ ಸತ್ಯವೇದವನ್ನು ಸುಲಭವಾದ ಮರಾಠಿಗೆ ತಿರುಗಿಸತೊಡಗಿದರು.

ಆ ಕೆಲಸವು ಮುಗಿಯುವದಕ್ಕೆ ಮುಂಚೆಯೇ, 1921ರ ಜುಲೈಯಲ್ಲಿ, ಒಬ್ಬಳೇ ಮಗಳಾದ ಮನೋರಮಾಬಾಯಿಯು ಮೀರಜದಲ್ಲಿ ತೀರಿಕೊಂಡಳು. ಖಾನಾಪುರದಲ್ಲಿ ಗಾಡಿ ಹತ್ತಿ ಬೆಳಗಾವಿಯನ್ನು ದಾಟಿ ನಮ್ಮವರು ಚಿಕಿತ್ಸೆಗೆ ಹೋಗುವದೂ ಆ ಮೀರಜಕ್ಕೇ. ತಾಯಿಯು ಸತ್ಯವೇದದ ಕೆಲಸವನ್ನು ಬಿಡಲಿಲ್ಲ. 1922ರ ಏಪ್ರಿಲ್ 5ರಂದು ತಾವೂ ಕರ್ತನಲ್ಲಿ ನಿದ್ರೆಹೋದರು.

ಕಳೆದ ತಿಂಗಳು ಆ ಹಳ್ಳಿಯ ತಾಯಿಯ ಮನೆಗೆ ಹೋಗಿ ಇದೆಲ್ಲವನ್ನು ಹೇಳಿದೆನು. ಬಹಳ ಹೊತ್ತು ಸುಮ್ಮನಿದ್ದು, ಮೀರಜದಲ್ಲಿ ಸತ್ತ ಆ ಮಗಳಿಗೆ ಎಷ್ಟು ವಯಸ್ಸಾಗಿತ್ತೆಂದು ಕೇಳಿದಳು. ನಾಲ್ವತ್ತೆಂದು ಹೇಳಿದೆನು.