ಹಿಮದ ದಾರಿ ತೆರೆದ ಕೊಡಗಿನ ಸೇನಾನಿ

ಚಳಿಗಾಲ ಬಂತೆಂದರೆ ನಾನಿರುವ ಬಲ್ಮಠದ ಯುವಕರೂ ಹಿಮಾಲಯದ ಚಾರಣಕ್ಕೆ ಹೊರಡುತ್ತಾರೆ. ಹಿಮವನ್ನೇ ಕಾಣದ ಕರಾವಳಿಯ ಈ ಮಕ್ಕಳು ಜನರಲ್ ಕೆ. ಎಸ್. ತಿಮ್ಮಯ್ಯನವರ ಬದುಕನ್ನು ಅರಿತು ಹೊರಡಲಿ ಎಂಬುದು ನನ್ನ ಆಸೆ.

1906ರಲ್ಲಿ ಮಡಿಕೇರಿಯಲ್ಲಿ ಜನಿಸಿದ ತಿಮ್ಮಯ್ಯನವರು 1948ರಲ್ಲಿ ಕಾಶ್ಮೀರದ ಸೇನಾ ವಿಭಾಗವೊಂದರ ನಾಯಕರಾಗಿದ್ದರು. ಲಡಾಖಿನ ಹೆಬ್ಬಾಗಿಲಾದ, ಸುಮಾರು 11,500 ಅಡಿ ಎತ್ತರದ ಜೋಜಿ ಲಾ ಕಣಿವೆ ಮಾರ್ಗ ಆಗ ಶತ್ರುವಶವಾಗಿತ್ತು. ಸೆಪ್ಟೆಂಬರಿನಲ್ಲಿ ಕಾಲಾಳುಗಳ ದಾಳಿ ವಿಫಲವಾಯಿತು, ಹಿಮಗಾಲ ಸಮೀಪಿಸುತ್ತಿತ್ತು. ಅಷ್ಟು ಎತ್ತರಕ್ಕೆ ಟ್ಯಾಂಕುಗಳನ್ನು ಒಯ್ಯಲು ತಿಮ್ಮಯ್ಯ ನಿಶ್ಚಯಿಸಿದರು. ಬೆಂಗಳೂರನ್ನು ನೆಲೆಯಾಗಿಸಿಕೊಂಡ ಮದ್ರಾಸ್ ಸ್ಯಾಪರ್ಸ್ ಯೋಧರು ಹೇಸರಗತ್ತೆಗಳ ದಾರಿಯನ್ನು ಅಗಲಗೊಳಿಸಿದರು. ನವೆಂಬರ್ 1ರಂದು ಟ್ಯಾಂಕುಗಳು ಮುನ್ನುಗ್ಗಿದವು. ತಿಮ್ಮಯ್ಯ ಮುಂಚೂಣಿಯಲ್ಲೇ ಇದ್ದರು. ಅದೇ ತಿಂಗಳು ದ್ರಾಸ್, ಕಾರ್ಗಿಲ್ ಕೈವಶವಾಗಿ ಲೇಹ್‌ನ ದಾರಿ ತೆರೆಯಿತು. ಆದರೆ ಆ ಮುನ್ನಡೆಯಲ್ಲಿ ಅನೇಕ ಯೋಧರು ಹಿಮಕಡಿತಕ್ಕೆ ತುತ್ತಾದರು.

1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದ ಅವರು, 1965ರ ಡಿಸೆಂಬರಿನಲ್ಲಿ ಸೈಪ್ರಸ್‌ನ ವಿಶ್ವಸಂಸ್ಥೆ ಶಾಂತಿಪಡೆಯ ದಂಡನಾಯಕರಾಗಿದ್ದಾಗಲೇ ನಿಧನರಾದರು.

ಜೋಜಿ ಲಾ ವಿಜಯವನ್ನು ನಾವು ಧೈರ್ಯದ ಕಥೆಯಾಗಿಯೇ ಹೇಳುತ್ತ ಬಂದಿದ್ದೇವೆ. ಅದರ ಹಿಂದೆ ದಾರಿ ಕಡಿದವರ ಬೆವರಿತ್ತು, ವಾರಗಳ ಸಿದ್ಧತೆಯಿತ್ತು. ಅಷ್ಟಾಗಿಯೂ ಹಿಮ ತನ್ನ ಸುಂಕವನ್ನು ವಸೂಲು ಮಾಡಿತು. ಬೆಚ್ಚನೆಯ ಉಡುಪಿಲ್ಲದೆ, ಹವಾಮಾನ ವಿಚಾರಿಸದೆ ಬೆಟ್ಟಕ್ಕೆ ಹೊರಡುವವರು ಇಷ್ಟನ್ನಾದರೂ ನೆನೆಯಬೇಕು.