ಮುಷ್ಟಿ ಧಾನ್ಯದ ಲೆಕ್ಕ: ಕರ್ಮವೀರ ಭಾವುರಾವ ಪಾಟೀಲರ ಸ್ಮರಣೆ



ನಮ್ಮ ಡಫಳಾಪುರದಿಂದ ಕುಂಭೋಜದ ಬಾಹುಬಲಿ ಬೆಟ್ಟಕ್ಕೆ ದರ್ಶನಕ್ಕಾಗಿ ಹೋಗಿಬಂದವರು ಅನೇಕರಿದ್ದಾರೆ. ಭಗವಾನ್ ಬಾಹುಬಲಿಯ ಭವ್ಯ ಮೂರ್ತಿಗೆ ಕೈಮುಗಿದು ಮರಳುವ ನಾವು, ಅದೇ ಕುಂಭೋಜ ಗ್ರಾಮದಲ್ಲಿ 1887ರ ಸಪ್ಟೆಂಬರ್ 22ರಂದು ಜನ್ಮ ತಾಳಿದ ಒಬ್ಬ ಮಹನೀಯರನ್ನು ನೆನೆಯುವುದು ಕಡಿಮೆ. ಅವರೇ ರಯತ ಶಿಕ್ಷಣ ಸಂಸ್ಥೆಯ ಸಂಸ್ಥಾಪಕರಾದ ಕರ್ಮವೀರ ಭಾವುರಾವ ಪಾಟೀಲರು. ಈ ಸಂಚಿಕೆಗೆ ದಾನದ ಮಹಿಮೆಯನ್ನು ಕುರಿತು ಬರೆಯಬೇಕೆಂದು ವಿಶ್ವಸ್ತ ಮಂಡಳಿಯ ಹಿರಿಯರು ನನಗೆ ಅಪ್ಪಣೆ ಮಾಡಿದರು. ದಾನದ ಮಹಿಮೆಯನ್ನು ಮುನಿಮಹಾರಾಜರು ಪ್ರವಚನಗಳಲ್ಲಿ ತಿಳಿಸಿಯೇ ಇದ್ದಾರೆ. ನಾನಾದರೋ ಮ್ಯಾಟ್ರಿಕ್ ಓದಿ ಅಂಗಡಿಯ ಗಾದಿ ಏರಿದವನು. ನನಗೆ ತಿಳಿದಿರುವುದು ಕೀರ್ದಿ, ಖಾತೆ. ಆದ್ದರಿಂದ ದಾನ ಬೇಡಿದವರ ಲೆಕ್ಕವನ್ನು ಕುರಿತು ಬರೆಯುತ್ತೇನೆ.

ಭಾವುರಾವರ ತಂದೆ ಪಾಯಗೊಂಡ, ತಾಯಿ ಗಂಗಾಬಾಯಿ. ಅವರ ಪೂರ್ವಜರು ನಮ್ಮ ಜೈನಕಾಶಿ ಮೂಡಬಿದರೆಯ ಕಡೆಯವರು. ಮನೆತನವು ಮುಂದೆ ಸಾಂಗಲಿ ಜಿಲ್ಲೆಯ ಐತವಡೆ ಬುದ್ರುಕದಲ್ಲಿ ನೆಲೆಸಿತು. ಹೀಗೆ ಕನ್ನಡದವರೂ ಮರಾಠಿಯವರೂ ಅವರನ್ನು ತಮ್ಮವರೆಂದು ಹೇಳಿಕೊಳ್ಳಬಹುದು. ಆದರೆ ಒಂದು ಕಹಿ ಸಂಗತಿಯನ್ನು ಮುಚ್ಚಿಡಲಾಗದು. ಕೊಲ್ಹಾಪುರದಲ್ಲಿ ಓದುತ್ತಿದ್ದಾಗ, 1908ರಲ್ಲಿ, ಅಸ್ಪೃಶ್ಯರೆನಿಸಿದ ಬಾಲಕರ ವಸತಿಗೃಹದ ಸಮಾರಂಭಕ್ಕೆ ಅವರು ಹೋಗಿಬಂದರು. ಬಂದ ಮೇಲೆ ಸ್ನಾನ ಮಾಡಿ ಶುದ್ಧನಾಗಲು ಒಪ್ಪಲಿಲ್ಲ. ಆ ಕಾರಣಕ್ಕೆ ನಮ್ಮ ಸಮಾಜದ ಬೋರ್ಡಿಂಗಿನಿಂದಲೇ ಅವರನ್ನು ಹೊರಹಾಕಲಾಯಿತು.

ವಿದ್ಯಾಭ್ಯಾಸ ಮುಂದೆ ಸಾಗಲಿಲ್ಲ. ಓಗಲೆ ಗಾಜಿನ ಕಾರಖಾನೆ, ಕಿರ್ಲೋಸ್ಕರ ನೇಗಿಲು ಇವುಗಳ ಮಾರಾಟಕ್ಕಾಗಿ ಊರೂರು ತಿರುಗಿದರು. ಬಡ ರೈತನ ಮಗ ಅಕ್ಷರವಿಲ್ಲದೆ ಉಳಿದುದನ್ನು ಕಣ್ಣಾರೆ ಕಂಡದ್ದು ಈ ತಿರುಗಾಟದಲ್ಲಿಯೇ. 1919ರ ಅಕ್ಟೋಬರ್ 4ರಂದು ಕರಾಡ ತಾಲೂಕಿನ ಕಾಲೆ ಗ್ರಾಮದಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು; 1924ರಲ್ಲಿ ಅದನ್ನು ಸಾತಾರಾಕ್ಕೆ ತಂದರು. ಅಲ್ಲಿಯ ವಸತಿಗೃಹದಲ್ಲಿ ಎಲ್ಲ ಜಾತಿಯ ಮಕ್ಕಳು ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದರು. 1927ರಲ್ಲಿ ಮಹಾತ್ಮಾ ಗಾಂಧೀಜಿಯವರು ಬಂದು ಅದಕ್ಕೆ ಛತ್ರಪತಿ ಶಾಹೂ ಮಹಾರಾಜರ ಹೆಸರಿನಿಂದ ನಾಮಕರಣ ಮಾಡಿದರು.

ಮಕ್ಕಳು ಹೆಚ್ಚಿದಂತೆ ಅನ್ನದ ಚಿಂತೆಯೂ ಹೆಚ್ಚಿತು. ಆಗ ನೆರವಾದದ್ದು ಮುಷ್ಟಿ ಫಂಡ. ಮನೆಯ ತಾಯಿ ಅಡಿಗೆಗೆ ಧಾನ್ಯ ತೆಗೆಯುವಾಗ ಒಂದು ಹಿಡಿಯನ್ನು ಬೇರೆ ಗಡಿಗೆಗೆ ಹಾಕಬೇಕು. ಕೂಡಿದ್ದನ್ನು ವಿದ್ಯಾರ್ಥಿಗಳ ಊಟಕ್ಕೆ ಒಯ್ಯಬೇಕು. ಒಂದು ಹಿಡಿ ಜೋಳಕ್ಕೆ ಯಾರೂ ಪಾವತಿ ಹರಿಯುವುದಿಲ್ಲ. ಹಾಗಾದರೆ ಕೊಟ್ಟವಳು ನಂಬುವುದು ಯಾವುದನ್ನು? ಆ ಹುಡುಗರು ಉಂಡರು, ಓದಿದರು ಎಂಬುದನ್ನು ಆಕೆ ತಾನೇ ನೋಡಬಹುದಾಗಿತ್ತು. ಹುಡುಗರೂ ಸುಮ್ಮನೆ ಕುಳಿತು ಉಣ್ಣುವಂತಿರಲಿಲ್ಲ. ದುಡಿದು ಕಲಿಯಬೇಕೆಂಬುದು ಅಲ್ಲಿಯ ನಿಯಮ. ಹೊಲದಲ್ಲಿ ಅಗೆದರು, ಅಡಿಗೆ ಮಾಡಿದರು, ಕಟ್ಟಡಕ್ಕೆ ಕಲ್ಲು ಹೊತ್ತರು. ನಮ್ಮ ಎಷ್ಟೋ ಸಂಸ್ಥೆಗಳ ಅಚ್ಚಾದ ತಾಳೆಪಟ್ಟಿಗಿಂತ ಇದು ಸ್ಪಷ್ಟವಾದ ಲೆಕ್ಕವೆಂದು ನನಗೆ ತೋರುತ್ತದೆ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳುತ್ತೇನೆ. ಹಲವು ವರ್ಷಗಳ ಹಿಂದೆ ಒಂದು ಉತ್ಸವದಲ್ಲಿ ಮೊದಲ ಕಲಶದ ಸವಾಲನ್ನು (ಗುಜರಾತಿ, ಮಾರವಾಡಿ ಬಂಧುಗಳು ಬೋಲಿ ಎನ್ನುವರು) ಉತ್ಸಾಹದಿಂದ ಏರಿಸಿ ಹಿಡಿದೆ. ಜನ ಜಯಕಾರ ಮಾಡಿದರು, ಹಾರ ಹಾಕಿದರು. ಹಣವನ್ನು ಮಾತ್ರ ಎರಡು ದೀಪಾವಳಿ ಕಳೆದ ಮೇಲೆ ಕಟ್ಟಿದೆ. ಕಟ್ಟಲು ಹೋದಾಗ ವಹಿಯ ಅದೇ ಪುಟದಲ್ಲಿ, ಕೂಲಿ ಮಾಡುವ ಒಬ್ಬ ವಿಧವೆಯ 11 ರೂಪಾಯಿ ಉತ್ಸವದ ದಿನವೇ ಜಮೆಯಾದದ್ದು ಕಾಣಿಸಿತು. ದೇವದ್ರವ್ಯವನ್ನು ಮನೆಯಲ್ಲಿಟ್ಟುಕೊಳ್ಳಬಾರದೆಂದು ಬಾಲ್ಯದಿಂದ ಕೇಳಿದ್ದೆ. ಕೊಡುವೆನೆಂದು ಹೇಳಿ ಕೊಡದಿದ್ದ ಹಣವೂ ದೇವದ್ರವ್ಯವೇ ಎಂದು ಹೊಳೆದದ್ದು ಅಂದು.

ಭಾವುರಾವರ ಮನೆಯಲ್ಲಿ ನಡೆದದ್ದು ಇದಕ್ಕೆ ತೀರ ವಿರುದ್ಧ. ಅವರ ಧರ್ಮಪತ್ನಿ ಲಕ್ಷ್ಮೀಬಾಯಿಯವರು ವಸತಿಗೃಹದ ಮಕ್ಕಳ ಊಟಕ್ಕಾಗಿ ಮೈಮೇಲಿನ ಒಡವೆಗಳನ್ನು ಒಂದೊಂದಾಗಿ ಕೊಟ್ಟರು. ಕಡೆಗೆ, ಕಾಳು ಮುಗಿದ ಒಂದು ದಿನ, ಕೊರಳಿನ ಮಂಗಳಸೂತ್ರವನ್ನೂ ಬಿಚ್ಚಿಕೊಟ್ಟರು. 1930ರಲ್ಲಿ ಆ ಸಾಧ್ವಿ ಕಾಲವಾದರು. ಮನೆಯ ಹಣ ಮತ್ತು ಸಂಸ್ಥೆಯ ಹಣ ಬೆರೆಯಬಾರದೆಂದು ಈಗಿನ ಲೆಕ್ಕಪರಿಶೋಧಕರು ಹೇಳುವುದು ಸರಿಯೇ. ಒಬ್ಬ ತಾಯಿಯ ಒಡವೆಯ ಮೇಲೆ ಸಂಸ್ಥೆ ನಡೆಯಬೇಕಾಗಿ ಬಂದದ್ದು ಹೊಗಳಿಕೆಗೆ ಮಾತ್ರ ವಿಷಯವಲ್ಲ, ಕೊಡದೆ ಕೈಕಟ್ಟಿ ನಿಂತ ಶ್ರೀಮಂತರ ಲೆಕ್ಕದಲ್ಲಿಯೂ ಅದನ್ನು ಬರೆಯಬೇಕು. ಆದರೆ ಅಲ್ಲಿ ಹಣ ಹರಿದದ್ದು ಮನೆಯಿಂದ ಸಂಸ್ಥೆಗೆ. ಸಂಸ್ಥೆಯಿಂದ ಮನೆಗೆ ಹರಿದ ಉದಾಹರಣೆಗಳನ್ನು ನಮ್ಮ ಕಾಲದವರಿಗೆ ನಾನು ಹೇಳಬೇಕಾಗಿಲ್ಲ.

1935ರಲ್ಲಿ ಸಂಸ್ಥೆಯನ್ನು ಕಾಯ್ದೆಯ ಪ್ರಕಾರ ನೋಂದಾಯಿಸಲಾಯಿತು. ಮುಂಬಯಿಯ ಸಾರ್ವಜನಿಕ ವಿಶ್ವಸ್ತ ಕಾಯ್ದೆ ಬಂದದ್ದು 1950ರಲ್ಲಿ. ಇಂದು ನಾವು ವರ್ಷವರ್ಷ ಲೆಕ್ಕ ತಪಾಸಣೆ ಮಾಡಿಸುವುದೂ, ಧರ್ಮಾದಾಯ ಕಚೇರಿಗೆ ಕಾಗದ ಕಳಿಸುವುದೂ ಅದರಿಂದಲೇ. ಆ ಕಾಯ್ದೆ ಹುಟ್ಟುವ 15 ವರ್ಷ ಮೊದಲೇ ರಯತ ಸಂಸ್ಥೆಯು ಒಬ್ಬರ ಮನೆತನದ ಆಸ್ತಿಯಾಗದೆ ನೋಂದಾಯಿತ ಸಂಸ್ಥೆಯಾಗಿತ್ತು.

1947ರಲ್ಲಿ ಸಾತಾರಾದಲ್ಲಿ ಛತ್ರಪತಿ ಶಿವಾಜಿ ಕಾಲೇಜು ಆರಂಭವಾಯಿತು. ಆ ಹೆಸರನ್ನು ಬದಲಿಸಿ ತಮ್ಮ ಕಡೆಯ ಹೆಸರಿಟ್ಟರೆ ದೊಡ್ಡ ಮೊತ್ತ ಕೊಡುವುದಾಗಿ ಒಬ್ಬ ಧನಿಕರು ಮುಂದೆ ಬಂದರೆಂದೂ, ಹಣದ ತೀವ್ರ ಅಡಚಣೆಯಿದ್ದರೂ ಭಾವುರಾವರು ಒಪ್ಪಲಿಲ್ಲವೆಂದೂ ಆ ಭಾಗದಲ್ಲಿ ಇಂದಿಗೂ ಹೇಳುತ್ತಾರೆ. ಇದನ್ನು ಜನ ಸ್ವಾಭಿಮಾನದ ಕಥೆಯೆಂದು ಹೇಳುವರು. ನಾನು ಇದನ್ನು ವ್ಯಾಪಾರದ ಪ್ರಾಮಾಣಿಕತೆಯ ಕಥೆಯೆಂದು ತಿಳಿಯುತ್ತೇನೆ. ಒಂದು ಹೆಸರು ಹೇಳಿ ನೂರು ಬಡವರಿಂದ ಪಡೆದ ಮೇಲೆ, ಅದೇ ಸರಕನ್ನು ಹೆಚ್ಚು ಬೆಲೆ ಕೂಗಿದವನಿಗೆ ಮತ್ತೊಮ್ಮೆ ಮಾರಲಾಗದು. ನಮ್ಮಲ್ಲಿ ಒಂದು ಫರಸಿ ಕಲ್ಲಿನ ಮೇಲೆ ಯಾರ ಹೆಸರು ಮೇಲೆ, ಯಾರದು ಕೆಳಗೆ ಎಂದು ರಾತ್ರಿ ಹನ್ನೊಂದರವರೆಗೆ ಸಭೆ ನಡೆದದ್ದುಂಟು!

ಸ್ವಾತಂತ್ರ್ಯ ಬಂದ ಮರುವರ್ಷವೇ ದೊಡ್ಡ ಸಂಕಟ ಒದಗಿತು. ಭಾವುರಾವರು ಸರಕಾರವನ್ನು ಟೀಕಿಸಿದರೆಂದು 1948ರಲ್ಲಿ ಮುಂಬಯಿ ಸರಕಾರವು ಅನುದಾನವನ್ನೇ ನಿಲ್ಲಿಸಿತು. ಶಾಲೆಗಳು ಮುಚ್ಚಬೇಕಾಗುವ ಸ್ಥಿತಿ. ಆಗ ಹಳ್ಳಿಯ ಜನ ಕೈಬಿಡಲಿಲ್ಲ. ಪೊರಕೆ ಹಿಡಿದು ಊರು ಗುಡಿಸುತ್ತಿದ್ದ ಸಂತ ಗಾಡಗೆ ಮಹಾರಾಜರು ಮುಖ್ಯಮಂತ್ರಿ ಬಾಳಾಸಾಹೇಬ ಖೇರರ ಬಳಿ ಸಂಸ್ಥೆಯ ಪರವಾಗಿ ಮಾತನಾಡಿದರು. ಅನುದಾನ ಮರಳಿ ದೊರೆಯಿತು. 1954ರಲ್ಲಿ ಕರಾಡದಲ್ಲಿ ಕಾಲೇಜು ತೆರೆದಾಗ ಭಾವುರಾವರು ಅದಕ್ಕೆ ಇಟ್ಟದ್ದು, ಕಿಸೆಯಲ್ಲಿ ಕಾಸಿಲ್ಲದ ಆ ಗಾಡಗೆ ಮಹಾರಾಜರ ಹೆಸರನ್ನು.

1959ರಲ್ಲಿ ಭಾರತ ಸರಕಾರವು ಅವರಿಗೆ ಪದ್ಮಭೂಷಣ ನೀಡಿತು. ಮೆಟ್ರಿಕ್ ದಾಟದ ಅವರಿಗೆ ಪುಣೆ ವಿಶ್ವವಿದ್ಯಾಲಯವು ಅದೇ ವರ್ಷ ಡಿ.ಲಿಟ್. ಪದವಿಯಿಂದ ಗೌರವಿಸಿತು. ಮೇ 9ರಂದು ಅವರು ಇಹಲೋಕ ಯಾತ್ರೆ ಮುಗಿಸಿದರು. ಸಮಾಧಿಯು ಸಾತಾರಾದಲ್ಲಿದೆ. ಮುಂದಿನ ಸಲ ಕುಂಭೋಜಕ್ಕೆ ಹೋಗುವ ಬಂಧುಗಳು, ಬೆಟ್ಟ ಇಳಿದ ಮೇಲೆ ಊರೊಳಗೂ ಒಮ್ಮೆ ಹೋಗಿ ಬರಬೇಕೆಂದು ವಿನಂತಿ.