ಅನ್ನದ ಗುಣವನ್ನು ಅಳೆದ ವೈದ್ಯರು

ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಡು ಗಂಗಾವತಿಯ ನೆಲ ಭತ್ತದ ಕಣಜವಾಗಿದೆ. ಆದರೆ ಕಣಜ ತುಂಬಿದ ಮಾತ್ರಕ್ಕೆ ಮಕ್ಕಳ ಮೈ ತುಂಬುವುದಿಲ್ಲ. ಹೊಟ್ಟೆ ತುಂಬುವುದು ಬೇರೆ, ದೇಹಕ್ಕೆ ಪುಷ್ಟಿ ದೊರೆಯುವುದು ಬೇರೆ. ಈ ಸತ್ಯವನ್ನು ಪ್ರಯೋಗಗಳಿಂದ ತೋರಿಸಿಕೊಟ್ಟವರಲ್ಲಿ ಸರ್ ರಾಬರ್ಟ್ ಮೆಕ್ಯಾರಿಸನ್ನರು ಪ್ರಮುಖರು.

ಮೆಕ್ಯಾರಿಸನ್ನರು 1878ರಲ್ಲಿ ಐರ್ಲೆಂಡಿನ ಪೋರ್ಟಡೌನ್ ಎಂಬ ಊರಿನಲ್ಲಿ ಜನಿಸಿದರು. ಬೆಲ್‌ಫಾಸ್ಟ್ ನಗರದಲ್ಲಿ ವೈದ್ಯಶಿಕ್ಷಣವನ್ನು ಮುಗಿಸಿ, 1901ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿ ಭಾರತಕ್ಕೆ ಬಂದರು. ವಾಯವ್ಯದ ಗಿಲ್ಗಿಟ್ ಕಣಿವೆಯಲ್ಲಿ ಜನರನ್ನು ಗಳಗಂಡ ರೋಗ ಕಾಡುತ್ತಿತ್ತು. ಅದರ ಮೂಲವನ್ನರಿಯಲು ಅವರು ಅಲ್ಲಿಯ ನೀರಿನ ಗಸಿಯನ್ನು ತಾವೇ ಕುಡಿದು ಪರೀಕ್ಷಿಸಿಕೊಂಡರು. ಅಯೋಡಿನ್ನಿನ ಕೊರತೆಯೇ ಆ ರೋಗದ ಮುಖ್ಯ ಕಾರಣವೆಂದು ಇಂದು ನಾವು ಬಲ್ಲೆವು. ಆದರೂ ಸತ್ಯಕ್ಕಾಗಿ ಸ್ವಂತ ದೇಹವನ್ನೇ ಒಡ್ಡಿದ ಆ ಧೈರ್ಯ ಸ್ಮರಣೀಯವಾದುದು.

1918ರಲ್ಲಿ ಅವರು ನೀಲಗಿರಿಯ ಕೂನೂರಿನಲ್ಲಿ ಆಹಾರದ ಕೊರತೆಯಿಂದ ಬರುವ ರೋಗಗಳ ಸಂಶೋಧನೆಯನ್ನು ಕೈಗೊಂಡರು. 1923ರಲ್ಲಿ ಸರ್ಕಾರವು ಮಿತವ್ಯಯದ ಕಾರಣದಿಂದ ಅದನ್ನು ನಿಲ್ಲಿಸಿತು. ಅವರು ಎದೆಗುಂದಲಿಲ್ಲ. 1925ರಲ್ಲಿ ಕಾರ್ಯವು ಪುನಃ ಆರಂಭವಾಯಿತು.

ಭಾರತದ ಏಳು ಜನವರ್ಗಗಳ ಊಟವನ್ನು ಬಿಳಿ ಇಲಿಗಳಿಗೆ ಉಣಿಸಿದ ಪ್ರಯೋಗ ಅವರಿಗೆ ಕೀರ್ತಿ ತಂದಿತು. ಒಂದೇ ವಯಸ್ಸಿನ, ಒಂದೇ ತೂಕದ 20 ಇಲಿಗಳ ಒಂದೊಂದು ಗುಂಪಿಗೆ ಒಂದೊಂದು ಬಗೆಯ ಊಟ. ಇಡೀ ಗೋಧಿಯ ರೊಟ್ಟಿ, ಹಾಲು, ಬೆಣ್ಣೆ, ಬೇಳೆ, ತರಕಾರಿ ಕೂಡಿದ ಸಿಖ್ಖರ ಊಟವನ್ನುಂಡ ಇಲಿಗಳು ಸರಾಸರಿ 235 ಗ್ರಾಂ ತೂಗಿದವು. ಕನ್ನಡಿಗರ ಊಟವನ್ನುಂಡವು 185 ಗ್ರಾಂ. ಅಕ್ಕಿಯೇ ಪ್ರಧಾನವಾದ ಮದರಾಸಿಗಳ ಊಟವನ್ನುಂಡವು 155 ಗ್ರಾಂ ಮಾತ್ರ. ಇಲಿಗಳೆಲ್ಲವೂ ಒಂದೇ ತೆರನಾದವು, ಭೇದವಿದ್ದುದು ಆಹಾರದಲ್ಲಿ. ಬಡಕಲು ದೇಹವು ಕುಲದ ಶಾಪವಲ್ಲ, ತಟ್ಟೆಯ ಕೊರತೆಯೆಂಬುದು ಇದರಿಂದ ಸೂಚಿತವಾಯಿತು. ಗಿರಣಿಯಲ್ಲಿ ಅಕ್ಕಿಯನ್ನು ಅತಿಯಾಗಿ ಬಿಳುಪು ಮಾಡಿದರೆ ತೌಡಿನೊಡನೆ ಅದರ ಸಾರವೂ ಹೋಗುವುದೆಂಬುದನ್ನು ಅವರು ವಿವರಿಸಿದರು. ತಿಪ್ಪೆಗೊಬ್ಬರವುಂಡ ನೆಲದ ಧಾನ್ಯ ಹೆಚ್ಚು ಪೌಷ್ಟಿಕವೆಂದೂ ತಮ್ಮ ಪರೀಕ್ಷೆಗಳಿಂದ ನಿರ್ಣಯಿಸಿದರು.

ಈ ತಿಳಿವು ಪಂಡಿತರ ಸೊತ್ತಾಗಿ ಉಳಿಯಬಾರದೆಂಬುದು ಅವರ ಆಶಯ. ಅದಕ್ಕಾಗಿಯೇ ಅವರು 1928ರಲ್ಲಿ ಭಾರತದ ಶಾಲೆಗಳಿಗೂ ಜನಕಲ್ಯಾಣ ಕೇಂದ್ರಗಳಿಗೂ ಉಪಯುಕ್ತವಾಗುವಂತೆ ಆಹಾರವನ್ನು ಕುರಿತು ಸರಳವಾದ ಕೈಪಿಡಿಯೊಂದನ್ನು ಪ್ರಕಟಿಸಿದರು. 1933ರಲ್ಲಿ ಅವರಿಗೆ ಸರ್ ಪದವಿ ಸಂದಿತು. 1935ರಲ್ಲಿ ನಿವೃತ್ತರಾಗಿ ಸ್ವದೇಶಕ್ಕೆ ಹಿಂದಿರುಗಿದ ಅವರು 1960ರಲ್ಲಿ ಆಕ್ಸ್‌ಫರ್ಡಿನಲ್ಲಿ ನಿಧನ ಹೊಂದಿದರು. ಅವರು ಕೂನೂರಿನಲ್ಲಿ ಬೆಳೆಸಿದ ಪ್ರಯೋಗಾಲಯವು 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡು, ಇಂದು ರಾಷ್ಟ್ರೀಯ ಪೋಷಣ ಸಂಸ್ಥೆಯೆಂದು ಹೆಸರಾಗಿದೆ.

ಇಂದು ಅಂಗನವಾಡಿಗಳ ಅಂಗಳದಲ್ಲಿ ಪೌಷ್ಟಿಕ ಕೈತೋಟಗಳನ್ನು ಬೆಳೆಸಲು ಸರ್ಕಾರವೇ ಉತ್ತೇಜನ ನೀಡುತ್ತಿದೆ. ಆರೋಗ್ಯಕೇಂದ್ರದ ಅಂಗಳಕ್ಕೂ ಇದು ಭೂಷಣ. ಕೂಸಿಗೆ ಲಸಿಕೆ ಹಾಕಿಸಲು ಬಂದ ತಾಯಿ ಅಲ್ಲಿ ನುಗ್ಗೆ, ಪುಂಡಿ, ಮೆಂತ್ಯ, ರಾಜಗಿರಿಗಳನ್ನು ಕಂಡು, ಬೆಳೆಯುವ ಮತ್ತು ಅಡುವ ಬಗೆಯನ್ನು ಕೇಳಿ ತಿಳಿದರೆ, ಆ ಅರಿವು ಮನೆಯ ಹಿತ್ತಿಲನ್ನು ಸೇರುತ್ತದೆ. ಭತ್ತ ಬರುವ ಮೊದಲು ನಮ್ಮ ಹಿರಿಯರು ಉಣ್ಣುತ್ತಿದ್ದ ಜೋಳದ ರೊಟ್ಟಿ, ಸೊಪ್ಪಿನ ಪಲ್ಯ, ಮಜ್ಜಿಗೆಗಳು ಮರಳಿ ತಟ್ಟೆಗೆ ಬಂದರೆ ಅನ್ನದ ಊಟವೂ ಸಂಪನ್ನವಾಗುವುದು. ಪಾತ್ರೆ ತೊಳೆದ ನೀರನ್ನೇ ಕುಡಿದು ಬೆಳೆಯುವ ಒಂದು ನುಗ್ಗೆಯ ಗಿಡ, ಬಡವರ ಮನೆಯ ಮುಂದೆ ನಿಂತ ವೈದ್ಯನಿದ್ದಂತೆ. ಅದನ್ನು ನೆಡುವ ಕೈಗಳು ನಿಮ್ಮವಾಗಲಿ.